ರೊಟ್ಟಿ, ಚೌಕಾಬಾರ ಮತ್ತು ಸಣ್ಣಪುಟ್ಟ ಕಿರಿಕಿರಿ

ಭಾನುವಾರದ ದಿವ್ಯ ಬಲಿಪೂಜೆ ಮುಗಿದು, ಗುರುಗಳು ಕೊನೆಯ ಆಶೀರ್ವಾದವನ್ನು ನೀಡಿ ಒಳಗೆ ತೆರಳಿದ ಮೇಲೆ ದೇವಾಲಯದ ಅಂಗಳದಲ್ಲಿ ಕಾಲು ಗಂಟೆಯ ಕಾಲ ಮತ್ತೊಂದು ಸಭೆ ಸೇರುತ್ತದೆ. ಈ ಸಭೆಗೆ ಅಧ್ಯಕ್ಷರಿಲ್ಲ, ಕಾರ್ಯಸೂಚಿಯಿಲ್ಲ, ನಡಾವಳಿಯನ್ನು ಬರೆದಿಡುವ ಕಾರ್ಯದರ್ಶಿಯೂ ಇಲ್ಲ. ನಿನ್ನೆಯ ಪಂದ್ಯದಲ್ಲಿ ಕೊನೆಯ ಓವರನ್ನು ಆ ಹುಡುಗನಿಗೆ ಕೊಟ್ಟದ್ದು ಸರಿಯೋ ತಪ್ಪೋ, ಈ ಸಲದ ತೊಗರಿಬೇಳೆ ಬೇಗ ಬೇಯುತ್ತದೆಯೋ ಇಲ್ಲವೋ, ಓಣಿಯಲ್ಲಿ ರಾತ್ರಿ ಹನ್ನೊಂದರ ತನಕ ಧ್ವನಿವರ್ಧಕ ಹಾಕುವವರಿಗೆ ಬುದ್ಧಿ ಹೇಳುವವರು ಯಾರು, ಇಂಥವೇ ಅಲ್ಲಿ ಚರ್ಚೆಗೆ ಬರುವ ವಿಷಯಗಳು. ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಒಪ್ಪಬೇಕೆಂಬ ನಿಯಮವಿಲ್ಲ. ಒಪ್ಪಿದರೆ ಸಭೆಯೇ ಬೇಗ ಮುಗಿದುಹೋಗುತ್ತದೆ.

ಧರ್ಮಸಭೆಯ ವಿಚಾರಗಳಿಗೆಂದು ಮೀಸಲಾದ ಈ ಅಂಕಣದಲ್ಲಿ ಇಂಥ ಹರಟೆಗೆ ಜಾಗವೇಕೆ ಎಂದು ಹುಬ್ಬೇರಿಸುವ ಓದುಗ ಬಂಧುಗಳು ಇರಬಹುದು. ಅವರಿಗೆ ನಮ್ಮ ಉತ್ತರವಿಷ್ಟೇ: ಸಂತ ಪೌಲರು ರೋಮಾಪುರಿಯ ಕ್ರೈಸ್ತರಿಗೆ ಬರೆದ ಪತ್ರದ 14ನೆಯ ಅಧ್ಯಾಯವನ್ನು ತೆರೆದು ನೋಡಬೇಕು. ವಿಶ್ವಾಸ, ನೀತಿ, ರಕ್ಷಣೆ ಮುಂತಾದ ಘನವಾದ ವಿಷಯಗಳನ್ನು ಹದಿಮೂರು ಅಧ್ಯಾಯಗಳಷ್ಟು ವಿವರಿಸಿದ ಆ ಮಹಾನುಭಾವರು, ನಂತರ ಊಟದ ಪ್ರಶ್ನೆಗೆ ಇಳಿದು ಬರುತ್ತಾರೆ. ಒಬ್ಬನು ಎಲ್ಲವನ್ನೂ ಉಣ್ಣುತ್ತಾನೆ, ಮತ್ತೊಬ್ಬನು ಕಾಯಿಪಲ್ಯ ಮಾತ್ರ ತಿನ್ನುತ್ತಾನೆ. ಇದರ ಬಗ್ಗೆ ಒಬ್ಬರನ್ನೊಬ್ಬರು ಹೀಗಳೆಯಬೇಡಿರಿ ಎಂದು ಅವರಿಗೆ ಬುದ್ಧಿ ಹೇಳಬೇಕಾಯಿತು. ಅಂದರೆ ಊಟದ ಬಗೆಗಿನ ಸ್ವಂತ ಅಭಿಪ್ರಾಯವು ಸಭೆಯನ್ನೇ ಒಡೆಯಬಲ್ಲದು ಎಂಬುದು ಮೊದಲನೆಯ ಶತಮಾನದಲ್ಲಿಯೇ ತಿಳಿದಿತ್ತು. ಆದುದರಿಂದ ರೊಟ್ಟಿಯ ಮಾತು ಆಡುವುದಕ್ಕೆ ನಾವು ಯಾರ ಕ್ಷಮೆಯನ್ನೂ ಕೋರಬೇಕಾಗಿಲ್ಲ.

ಅದರಲ್ಲಿಯೂ ಕಲಬುರಗಿಯಂಥ ನಗರದಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯವು ಸ್ಥಾಪನೆಗೊಂಡು ರಾಬರ್ಟ್ ಮೈಕಲ್ ಮಿರಾಂದ ಅವರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಕರಾವಳಿಯ ಧರ್ಮಪ್ರಾಂತ್ಯಗಳಿಗೆ ಹೋಲಿಸಿದರೆ ನಮ್ಮದು ಕಿರಿಯದು. ವಿಶ್ವಾಸಿಗಳ ಸಂಖ್ಯೆಯೂ ಸಣ್ಣದು. ಆದರೆ ಆ ಸಣ್ಣ ಸಂಖ್ಯೆಯೊಳಗೆ ಎಷ್ಟು ಬಗೆಯ ಅಡಿಗೆ ಮನೆಗಳು! ಶಾಲೆ, ಆಸ್ಪತ್ರೆಗಳ ಕೆಲಸಕ್ಕೆಂದು ಮಂಗಳೂರಿನ ಕಡೆಯಿಂದ ಬಂದ ಕೊಂಕಣಿ ಮಾತಿನವರು, ಕೇರಳದಿಂದ ಬಂದವರು, ವಾಡಿ ಮತ್ತು ಶಹಾಬಾದಿನ ಕಡೆಗೆ ರೈಲು ಹಾಗೂ ಸಿಮೆಂಟ್ ಕಾರ್ಖಾನೆಗಳ ನೌಕರಿ ಹಿಡಿದು ಬಂದ ತಮಿಳರು ಮತ್ತು ತೆಲುಗರು, ಇವರೆಲ್ಲರ ಜೊತೆಗೆ ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದು, ಜೋಳದ ಹೊಲದಿಂದ ನೇರವಾಗಿ ದೇವಾಲಯಕ್ಕೆ ಬರುವ ಹಳ್ಳಿಯ ಕುಟುಂಬಗಳು. ಇಂಥ ಜನ ಒಂದೇ ಪೀಠದ ಮುಂದೆ ಮಂಡಿಯೂರುತ್ತಾರೆ, ಸರಿ. ಆದರೆ ಎದ್ದು ಹೊರಗೆ ಬಂದ ಮೇಲೆ ಪರಸ್ಪರ ಮಾತನಾಡುವುದು ಯಾವ ವಿಷಯದ ಮೇಲೆ? ದೈವಶಾಸ್ತ್ರದ ಮೇಲಂತೂ ಅಲ್ಲ. ರಾಜಕಾರಣವನ್ನು ಎತ್ತಿದರೆ ಮುಖ ಗಂಟಿಕ್ಕುತ್ತದೆ. ಉಳಿಯುವುದು ಊಟ, ಆಟ ಮತ್ತು ದಿನನಿತ್ಯದ ಕಿರಿಕಿರಿ. ಹೊಸದಾಗಿ ವರ್ಗವಾಗಿ ಬಂದ ಕುಟುಂಬವೊಂದು ಈ ಊರಿನವರಾಗುವುದು ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿದ ದಿನವಲ್ಲ; "ನಿಮ್ಮ ರೊಟ್ಟಿ ನಮಗೆ ಹಿಡಿಸಲಿಲ್ಲ" ಎಂದು ಧೈರ್ಯವಾಗಿ ಹೇಳಿ, ಎದುರಿಗಿದ್ದವರು ನಕ್ಕ ದಿನ.

ಇಷ್ಟಾದ ಮೇಲೆ ರೊಟ್ಟಿಯ ಬಗ್ಗೆ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲ. ಜೋಳದ ರೊಟ್ಟಿಯನ್ನು ಬಿಸಿಯಾಗಿ ಮೆತ್ತಗೆ ಇರುವಾಗ ಉಣ್ಣಬೇಕೋ, ಒಣಗಿಸಿ ಕಡಕ್ ಮಾಡಿ ಮುರಿದು ತಿನ್ನಬೇಕೋ ಎಂಬ ವ್ಯಾಜ್ಯ ಇಲ್ಲಿ ಹಳೆಯದು. ಬಿಸಿ ರೊಟ್ಟಿಗೆ ಪುಂಡಿಪಲ್ಯ ಇಲ್ಲವೇ ಬದನೆಯ ಎಣ್ಣೆಗಾಯಿ. ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ ಮತ್ತು ಕೆನೆಮೊಸರು. ಎರಡನ್ನೂ ಅದಲು ಬದಲು ಮಾಡಿದರೆ ರುಚಿ ಕೆಡುತ್ತದೆ ಎಂಬುದು ನಮ್ಮ ದೃಢವಾದ ನಿಲುವು. ಪ್ರಯಾಣಕ್ಕೆ ಕಡಕ್ ರೊಟ್ಟಿಯೇ ಸೈ. ಆದರೆ ಮನೆಯಲ್ಲಿ ಕುಳಿತು ಉಣ್ಣುವಾಗ, ಕುದಿಯುವ ನೀರಿನಲ್ಲಿ ಹಿಟ್ಟು ನಾದಿ, ಕೊಣಮಿಗೆಯ ಬದಿಯಲ್ಲಿ ಪಟಪಟನೆ ಬಡಿದು, ಹಂಚಿನ ಮೇಲೆ ಹಾಕಿ, ನೀರಿನ ಬಟ್ಟೆಯಿಂದ ಮೇಲ್ಮೈಯನ್ನು ಸವರಿ, ಕೆಂಡದ ಎದುರು ಉಬ್ಬಿಸಿದ ರೊಟ್ಟಿಯನ್ನು ಬಿಟ್ಟು ಒಣಗಿದ್ದನ್ನು ಬೇಡುವವರ ಮನಸ್ಸು ನಮಗೆ ಅರ್ಥವಾಗುವುದಿಲ್ಲ. ಅನ್ನ ಉಂಡು ಬೆಳೆದ ದಕ್ಷಿಣದ ಬಂಧುಗಳು ಮೊದಲ ವರ್ಷ ರೊಟ್ಟಿಯನ್ನು ಕಂಡು ನೀರು ಕೇಳುತ್ತಾರೆ, ಎರಡನೆಯ ವರ್ಷ ಮೌನವಾಗಿ ತಿನ್ನುತ್ತಾರೆ, ಮೂರನೆಯ ವರ್ಷ ರಜೆಗೆ ಊರಿಗೆ ಹೋದಾಗ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಇದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ.

ತೊಗರಿಯ ವಿಷಯದಲ್ಲಿ ಮಾತ್ರ ವಾದಕ್ಕೆ ಎಡೆಯಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ನಮ್ಮ ಬೇಳೆಯ ರುಚಿಯನ್ನು ಸರ್ಕಾರದ ಕಾಗದವೇ ಒಪ್ಪಿಕೊಂಡ ಮೇಲೆ ನಾವು ಸೇರಿಸುವುದೇನಿದೆ? ಎಳ್ಳಮಾವಾಸ್ಯೆಯ ದಿನ ನೆರೆಹೊರೆಯ ರೈತರು ತಮ್ಮ ಹೊಲಕ್ಕೆ ಕರೆದು ಬಡಿಸುವ ಭಜ್ಜಿಯ ಬಗ್ಗೆಯೂ ಎರಡು ಮಾತಿಲ್ಲ. ಹತ್ತಾರು ಬಗೆಯ ಸೊಪ್ಪು, ಕಾಳುಗಳು ಒಂದೇ ಪಾತ್ರೆಯಲ್ಲಿ ಬೆಂದು ತಮ್ಮ ತಮ್ಮ ರುಚಿಯನ್ನು ಉಳಿಸಿಕೊಳ್ಳುವ ಆ ಪದಾರ್ಥವು ಸಜ್ಜೆಯ ರೊಟ್ಟಿಯೊಡನೆ ಚಳಿಗಾಲದ ಹೊಲದಲ್ಲಿಯೇ ರುಚಿಸಬೇಕು. ನಗರದ ಊಟದ ಮೇಜಿಗೆ ಅದು ಒಗ್ಗುವುದಿಲ್ಲ. ನಗರದ ತಹರಿಯನ್ನು ಬಿರಿಯಾನಿಯ ತಮ್ಮನೆಂದು ಕರೆಯುವವರ ಮಾತನ್ನು ನಾವು ಒಪ್ಪುವುದಿಲ್ಲ. ತಹರಿಯು ತನ್ನಷ್ಟಕ್ಕೆ ತಾನೇ ಹಿರಿಯನು. ಇನ್ನು ಮೀನು. ಸಮುದ್ರದಿಂದ ಇಷ್ಟು ದೂರದಲ್ಲಿ ಕುಳಿತು ಮೀನಿನ ಸಾರಿನ ಬಗ್ಗೆ ಅಭಿಪ್ರಾಯ ಕೊಡುವ ಧೈರ್ಯ ನಮಗಿಲ್ಲ. ಅದನ್ನು ಕರಾವಳಿಯ ಬಂಧುಗಳಿಗೇ ಬಿಟ್ಟಿದ್ದೇವೆ. ಅವರಾದರೋ ಬಿಡದೆ ಕೊಡುತ್ತಾರೆ.

ಈಗ ಕಮಲಾಪುರದ ಬಾಳೆಯ ಹಣ್ಣಿನ ಮಾತಿಗೆ ಬರೋಣ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಸುಮಾರು 40 ಕಿಲೋಮೀಟರು ಸಾಗಿದರೆ ಸಿಗುವ ಊರು ಕಮಲಾಪುರ. ಹಿಂದೆ ಬಸ್ಸೊಂದೇ ಗತಿಯಾಗಿತ್ತು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲು ಮಾರ್ಗವು ಉದ್ಘಾಟನೆಗೊಂಡ ನಂತರ ರೈಲಿನಲ್ಲಿಯೂ ಹೋಗಬಹುದಾಗಿದೆ. ಮರಗುತ್ತಿಯ ಬಳಿಯ ಸುರಂಗವನ್ನು ನೋಡಲೆಂದೇ ಮಕ್ಕಳು ಕಿಟಕಿಯ ಪಕ್ಕದ ಜಾಗಕ್ಕೆ ಜಗಳವಾಡುತ್ತಾರೆ. ಸುತ್ತೆಲ್ಲ ಕಪ್ಪು ನೆಲ, ಜೋಳ, ತೊಗರಿ. ಕಮಲಾಪುರದ ತಗ್ಗಿನಲ್ಲಿ ಮಾತ್ರ ಕೆಂಪು ಬಾಳೆಯ ತೋಟಗಳು. ಇದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಕೆಲವೆಡೆ ಚಂದ್ರಬಾಳೆ ಎಂದು ಕರೆಯುವುದು ಈ ಬಗೆಯ ಹಣ್ಣನ್ನೇ. ಸಿಪ್ಪೆ ಕೆಂಪು, ಒಳಗಿನ ತಿರುಳು ಕೆನೆಯ ಬಣ್ಣ. ಬೇರೆ ಬಾಳೆ ಹನ್ನೆರಡು ತಿಂಗಳಲ್ಲಿ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಗೊಬ್ಬರ, ನೀರು, ಆರೈಕೆ ಎಲ್ಲವೂ ಹೆಚ್ಚು. ಆದುದರಿಂದಲೇ ಬೆಲೆಯೂ ಹೆಚ್ಚು, ಶ್ರೀಮಂತರ ಹಣ್ಣೆಂಬ ಹೆಸರೂ ಅದಕ್ಕೆ ಅಂಟಿಕೊಂಡಿದೆ.

ಈ ಹಣ್ಣಿನ ಮೇಲೆ ಅಂಗಳದ ಸಭೆಯಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು, "ಒಂದು ಹಣ್ಣು ತಿಂದ್ರ ಒಂದು ಹೊತ್ತಿನ ಊಟ ಆದಂಗ್ರಿ" ಎನ್ನುತ್ತಾರೆ. ಮತ್ತೊಂದು ಪಕ್ಷದವರು, ಅದೇ ಹಣಕ್ಕೆ ಒಂದು ಡಜನ್ ಏಲಕ್ಕಿ ಬಾಳೆ ಬರುತ್ತದಲ್ಲ, ಹೆಸರಿಗೆ ಏಕೆ ದುಡ್ಡು ಕೊಡಬೇಕು ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕುವವರ ಮಾತು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಮತ ಕೆಂಪು ಬಾಳೆಗೇ. ಏಲಕ್ಕಿ ಬಾಳೆಯಲ್ಲಿ ಸಿಹಿಯೊಡನೆ ತುಸು ಹುಳಿಯಿದೆ. ಮಾತಿನ ನಡುವೆ ತಿಂದು ಮುಗಿಸಬಹುದು. ಕೆಂಪು ಬಾಳೆ ಹಾಗಲ್ಲ. ಅದನ್ನು ತಿನ್ನುವಾಗ ಮಾತು ತಾನಾಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ ಮಾತ್ರ: ಸಿಪ್ಪೆಯ ಬಣ್ಣಕ್ಕೆ ಮರುಳಾಗಿ ಗಟ್ಟಿಯಾಗಿರುವಾಗಲೇ ಸುಲಿದರೆ ಹಿಟ್ಟು ತಿಂದಂತಾಗುತ್ತದೆ. ಬೆರಳಿಗೆ ಮೆತ್ತಗೆ ತಾಗುವವರೆಗೆ ಎರಡು ದಿನ ಕಾಯಬೇಕು. ಹದಿನೆಂಟು ತಿಂಗಳು ರೈತ ಕಾದಿದ್ದಾನೆ, ನಮಗೆ ಎರಡು ದಿನ ಕಷ್ಟವೇ? ಇದರ ಜೊತೆಗೆ ಪ್ರಯಾಣಿಕರೆಲ್ಲರೂ ಅನುಭವಿಸುವ ಕಿರಿಕಿರಿಯೊಂದಿದೆ. ಊರಿಗೆ ಒಯ್ಯಲೆಂದು ಆರಿಸಿ ಕೊಂಡ ಹಣ್ಣಿನ ಚೀಲದ ಮೇಲೆಯೇ ಬಸ್ಸಿನಲ್ಲಿ ಯಾರಾದರೂ ತಮ್ಮ ಟ್ರಂಕನ್ನು ಇಡುತ್ತಾರೆ. ಇಡದೆ ಬಿಟ್ಟ ಬಸ್ಸನ್ನು ನಾವಿನ್ನೂ ಕಂಡಿಲ್ಲ.

ಇಲ್ಲಿಯವರೆಗೆ ಎಲ್ಲವೂ ನಗುವಿನ ಮಾತು. ನಗು ನಿಲ್ಲುವ ಒಂದು ಗೆರೆಯೂ ಇದೆ, ಅದನ್ನು ಹೇಳದಿದ್ದರೆ ಈ ಲೇಖನವನ್ನು ಬರೆದು ಪ್ರಯೋಜನವಿಲ್ಲ. ನಮ್ಮ ನಾಡಿನಲ್ಲಿ "ಅವರು ಏನು ತಿನ್ನುತ್ತಾರೆ?" ಎಂಬುದು ಬರಿಯ ರುಚಿಯ ಪ್ರಶ್ನೆಯಲ್ಲ. ಅದರ ಹಿಂದೆ ಜಾತಿಯ ಪ್ರಶ್ನೆ ನಿಂತಿರುತ್ತದೆ, ಬಾಡಿಗೆಗೆ ಮನೆ ಕೊಡುವ ಬಿಡುವ ಪ್ರಶ್ನೆ ನಿಂತಿರುತ್ತದೆ. ರೊಟ್ಟಿ ದಪ್ಪವಾಯಿತು ಎಂದರೆ ಅದು ರೊಟ್ಟಿಯ ಮಾತು. "ಇಂಥದ್ದನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ" ಎಂದರೆ ಅದು ರೊಟ್ಟಿ ಬಡಿದವಳ ಮಾತು. ಎರಡೂ ಒಂದೇ ದನಿಯಲ್ಲಿ, ಒಂದೇ ನಗುವಿನಲ್ಲಿ ಹೊರಬರುವುದರಿಂದ ಆಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೇಳಿದವರಿಗೆ ತಿಳಿಯುತ್ತದೆ.

ಯಾವ ಧರ್ಮಕೇಂದ್ರ ಎಂಬುದು ಬೇಡ. ಹಬ್ಬದ ದಿನ ಪ್ರತಿ ಮನೆಯಿಂದಲೂ ಒಂದೊಂದು ಪದಾರ್ಥ ತಂದು ಒಟ್ಟಿಗೆ ಉಣ್ಣುವುದೆಂದು ತೀರ್ಮಾನವಾಗಿತ್ತು. ಹಳ್ಳಿಯಿಂದ ಬಂದ ತಾಯಿಯೊಬ್ಬರು ನಸುಕಿನಲ್ಲಿಯೇ ಎದ್ದು ಅಡಿಗೆ ಮಾಡಿ, ದೊಡ್ಡ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಎರಡು ವಾಹನ ಬದಲಾಯಿಸಿ ತಂದಿದ್ದರು. ಮುಚ್ಚಳ ತೆಗೆದಾಗ ಪಕ್ಕದಲ್ಲಿದ್ದವರೊಬ್ಬರು, ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಮೇಲೆ ಬರೆದ ಮಾತನ್ನೇ ಆಡಿದರು. ಸುತ್ತಲಿದ್ದವರು ನಕ್ಕರು. ಆ ತಾಯಿಯೂ ನಕ್ಕರು. ಸಂಜೆ ಡಬ್ಬಿ ತುಂಬಿದ್ದು ತುಂಬಿದಂತೆಯೇ ಹಳ್ಳಿಗೆ ಮರಳಿತು. ಆಕೆ ಪೂಜೆಗೆ ಬರುವುದನ್ನು ಬಿಡಲಿಲ್ಲ. ದೇವರ ಮೇಲೆ ಸಿಟ್ಟಾಗಲು ಕಾರಣವಿರಲಿಲ್ಲವಲ್ಲ! ಆದರೆ ಅಂಗಳದಲ್ಲಿ ನಿಲ್ಲುವುದನ್ನು ಬಿಟ್ಟರು. ಕೊನೆಯ ಆಶೀರ್ವಾದ ಮುಗಿದೊಡನೆ ಸೆರಗು ಸರಿಪಡಿಸಿಕೊಂಡು ನೇರವಾಗಿ ಗೇಟಿನತ್ತ ನಡೆಯುತ್ತಾರೆ. ಈಗಲೂ ಹಾಗೆಯೇ.

ಪ್ರೇಷಿತರ ಕಾರ್ಯಕಲಾಪಗಳ 10ನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ಮಾಳಿಗೆಯ ಮೇಲೆ ಹಸಿದು ಕುಳಿತಿದ್ದ ಸಂತ ಪೇತ್ರರಿಗೆ ಆದ ದರ್ಶನವನ್ನು ನಾವೆಲ್ಲರೂ ಕೇಳಿದ್ದೇವೆ. ಆಕಾಶದಿಂದ ಇಳಿದ ಜೋಳಿಗೆಯೊಳಗಿನ ಪ್ರಾಣಿಗಳನ್ನು ಕಂಡು ಅವರು ಬೇಡವೆಂದರು; ಮೂರು ಬಾರಿ ಅದೇ ನಡೆಯಿತು. ಅದು ಊಟದ ಮಾತೆಂದು ಅವರು ತಲೆಕೆಡಿಸಿಕೊಂಡು ಯೋಚಿಸುತ್ತಿರುವಾಗಲೇ ಅನ್ಯಜನಾಂಗದ ಸೈನ್ಯಾಧಿಕಾರಿ ಕೊರ್ನೇಲಿಯನು ಕಳುಹಿಸಿದ ಆಳುಗಳು ಬಾಗಿಲು ತಟ್ಟುತ್ತಿದ್ದರು. ತಟ್ಟೆಯ ಮಾತು ಮನುಷ್ಯರ ಮಾತೇ ಆಗಿತ್ತೆಂಬುದು ಪೇತ್ರರಿಗೆ ಅರ್ಥವಾಗಲು ಕೊರ್ನೇಲಿಯನ ಮನೆಯ ಹೊಸ್ತಿಲನ್ನು ದಾಟಬೇಕಾಯಿತು.

ಹಾಗೆಂದು ಊಟದ ಮೇಲೆ ಯಾರೂ ಯಾವ ಅಭಿಪ್ರಾಯವನ್ನೂ ಹೇಳಕೂಡದೆಂದು ನಿಯಮ ಮಾಡಿದರೆ ಅಂಗಳವು ಆಸ್ಪತ್ರೆಯ ವರಾಂಡದಂತಾಗುತ್ತದೆ. ತಿಂದು ನೋಡಿ ಹೇಳಲಿ ಎಂಬುದಷ್ಟೇ ನಮ್ಮ ವಾದ. ತಿನ್ನದೆ ಹೇಳುವುದು ಅಭಿಪ್ರಾಯವಲ್ಲ.

ಆಟದ ವಿಷಯದಲ್ಲಿ ನಮ್ಮ ಹಿರಿಯರು ನಾವು ಎಣಿಸುವುದಕ್ಕಿಂತ ಉದಾರಿಗಳಾಗಿದ್ದರು. ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಬರೆದ ತಮ್ಮ ಮಹಾಗ್ರಂಥದಲ್ಲಿ ವಿನೋದ ಮತ್ತು ಆಟಗಳಿಗೆಂದೇ ಜಾಗ ಕೊಟ್ಟು, ಅದರಲ್ಲಿಯೂ ಒಂದು ಸದ್ಗುಣವುಂಟು ಎಂದು ವಾದಿಸಿದ್ದಾರೆ. ಅತಿಯಾಗಿ ಆಡುವುದು ದೋಷ. ತಾನೂ ನಗದೆ, ನಗುವವರನ್ನೂ ಸಹಿಸದೆ ಮುಖ ಬಿಗಿದುಕೊಂಡಿರುವುದೂ ದೋಷವೇ. ಅವರು ಎತ್ತಿ ಹೇಳುವ ಒಂದು ಕಥೆಯಿದೆ. ಸಂತ ಯೊವಾನ್ನರು ಶಿಷ್ಯರೊಡನೆ ವಿನೋದವಾಗಿ ಕಾಲ ಕಳೆಯುವುದನ್ನು ಕಂಡು ಕೆಲವರು ಆಕ್ಷೇಪಿಸಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡಲು ಹೇಳಿದರು, ಬಿಟ್ಟನು. ಮತ್ತೆ ಮತ್ತೆ ಬಿಡಿಸಿ, ಹೀಗೆಯೇ ಎಡೆಬಿಡದೆ ಬಿಡಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿಯುತ್ತದೆ ಎಂದನು. ಮನುಷ್ಯನ ಮನಸ್ಸೂ ಹಾಗೆಯೇ ಎಂಬುದು ಅವರ ಉತ್ತರವಾಗಿತ್ತು. ಆವಿಲಾದ ಸಂತ ತೆರೇಸಾ ಅವರಂತೂ ಪ್ರಾರ್ಥನೆಯನ್ನು ಕಲಿಸಲು ಚದುರಂಗದ ಹೋಲಿಕೆಯನ್ನು ಕೊಟ್ಟರು. ಚದುರಂಗವನ್ನು ಆಡಲು ಅವಕಾಶವಿಲ್ಲದ ಮಠದ ಭಗಿನಿಯರಿಗೆ! ಅವರಿಗೆ ಆ ಆಟದ ಪರಿಚಯ ಚೆನ್ನಾಗಿಯೇ ಇತ್ತೆಂಬುದರಲ್ಲಿ ಸಂಶಯವಿಲ್ಲ.

ನಮ್ಮ ಭಾಗದ ಮನೆಗಳಲ್ಲಿ ಚದುರಂಗಕ್ಕಿಂತ ಚೌಕಾಬಾರವೇ ದೊಡ್ಡದು. ಐದು ಸಾಲು, ಐದು ಕಂಬದ ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಮಗುಚಿ ಬಿದ್ದರೆ ಎಂಟು. ಸೀಮೆಸುಣ್ಣವಿದ್ದರೆ ಸಾಕು, ಬಾಡಿಗೆ ಮನೆಯ ಕಟ್ಟೆಯೂ ಕ್ರೀಡಾಂಗಣ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವೊಂದಿದೆ. ಶತ್ರುವನ್ನು ಕ್ಷಮಿಸಬೇಕೆಂದು ಬೆಳಿಗ್ಗೆ ಪ್ರಬೋಧನೆ ಕೇಳಿ ಬಂದ ಆಯಿ, ಮಧ್ಯಾಹ್ನ ಮೊಮ್ಮಗನ ಕಾಯನ್ನು ಕಡಿಯುವಾಗ ತೋರುವ ಉತ್ಸಾಹವನ್ನು ನೋಡಿಯೇ ತಿಳಿಯಬೇಕು. "ಆಯಿ, ನನ್ನ ಕಾಯಿ ಬಿಡ ಬೇ" ಎಂದರೆ, "ಆಟದಾಗ ಮಮ್ಮಗ ಇಲ್ಲೋ, ಕಾಯಿ ಅಷ್ಟ ಅದ" ಎಂಬ ತೀರ್ಪು. ನಮ್ಮ ಅಭಿಪ್ರಾಯದಲ್ಲಿ ಎಪ್ಪತ್ತು ವರ್ಷದವರೂ ಏಳು ವರ್ಷದವರೂ ಸರಿಸಮವಾಗಿ ಕುಳಿತು ಆಡಬಹುದಾದ ಆಟ ಇದಕ್ಕಿಂತ ಮಿಗಿಲಾದುದಿಲ್ಲ. ಕ್ರಿಕೆಟ್ಟಿನಲ್ಲಿ ಆಯಿಗೆ ಜಾಗವಿಲ್ಲ. ಮೊಬೈಲಿನ ಆಟದಲ್ಲಿಯಂತೂ ಎದುರಿಗೆ ಯಾರೂ ಇಲ್ಲ. ಸೋತವನ ಮುಖ ನೋಡಲು ಸಿಗದ ಮೇಲೆ ಗೆದ್ದು ಸುಖವೇನು?

ಕ್ರಿಕೆಟ್ಟನ್ನು ನಾವು ಹಳಿಯುತ್ತಿದ್ದೇವೆಂದು ಯುವಕರು ಮುನಿಯಬಾರದು. 2022ರಲ್ಲಿ ಮಹಾರಾಜ ಟ್ರೋಫಿಯ ಟಿ–20 ಪಂದ್ಯಾವಳಿಯನ್ನು ಗುಲ್ಬರ್ಗಾ ಮಿಸ್ಟಿಕ್ಸ್ ಗೆದ್ದಾಗ ನಾವೂ ಪೇಡೆ ಹಂಚಿದವರೇ. ಪಂದ್ಯಗಳೆಲ್ಲ ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಊರಿನ ಹೆಸರು 2014ರಲ್ಲಿಯೇ ಕಲಬುರಗಿ ಎಂದು ಬದಲಾದರೂ ತಂಡದ ಹೆಸರಿನಲ್ಲಿ ಗುಲ್ಬರ್ಗಾ ಉಳಿದಿತ್ತು. ಆದರೂ ಹೆಮ್ಮೆ ಹೆಮ್ಮೆಯೇ. ಧರ್ಮಕೇಂದ್ರದ ಹಬ್ಬದ ಆಟಗಳ ಬಗ್ಗೆ ಮಾತ್ರ ಒಂದು ಮಾತು: ಲಗೋರಿಯನ್ನು ಪಟ್ಟಿಗೆ ಸೇರಿಸಬೇಕು. ಏಳು ಕಲ್ಲು, ಒಂದು ಚೆಂಡು, ಖರ್ಚಿಲ್ಲ. ನಿಂಬೆಹಣ್ಣು–ಚಮಚದ ಓಟವನ್ನು ಎಷ್ಟು ವರ್ಷ ನೋಡುವುದು? ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಹನ್ನೊಂದಕ್ಕೆ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸುವವರಿಗೆ ನಮ್ಮ ವಿರೋಧವಿದೆ. ಈ ಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವಂತೆ ಸಮಯ ಬದಲಿಸುವಾಗ, ನಮ್ಮ ಆಟಗಳ ಸಮಿತಿಗಳಿಗೆ ಬಿಸಿಲು ಕಾಣಿಸುವುದಿಲ್ಲವೆ?

ಬಿಸಿಲಿನ ಮಾತು ಬಂದೊಡನೆ ಕಿರಿಕಿರಿಗಳ ಪೆಟ್ಟಿಗೆ ತೆರೆದಂತಾಯಿತು. ಮೇ ತಿಂಗಳಲ್ಲಿ ಹೊರಗಿನ ಕಾವು 42 ಡಿಗ್ರಿ ದಾಟಿರುವಾಗ, ಎದುರಿಗೆ ಸಿಕ್ಕವರು "ಏನ್ರೀ, ಬಿಸಿಲು ಭಾಳ ಅದ ಅಲ್ರೀ?" ಎಂದು ಕೇಳುವುದು ಕಿರಿಕಿರಿಯೇ, ಆದರೂ ಉತ್ತರ ಕೊಡುತ್ತೇವೆ. ಹಿಂದೆ ಅಂಗಡಿಯಲ್ಲಿ ಚಿಲ್ಲರೆಯಿಲ್ಲವೆಂದು ಕೈಗೆ ಪೆಪ್ಪರಮಿಂಟು ಕೊಡುತ್ತಿದ್ದರು. ಈಗ ಹಣವನ್ನು ಮೊಬೈಲಿನಲ್ಲಿಯೇ ಕೊಡುತ್ತೇವೆ, ಚಿಲ್ಲರೆಯ ಗೊಡವೆಯಿಲ್ಲ. ಬದಲಿಗೆ ಅಂಗಡಿಯ ಪೆಟ್ಟಿಗೆಯೊಂದು ನಾವು ಎಷ್ಟು ರೂಪಾಯಿಯ ಮೆಣಸಿನಕಾಯಿ ಕೊಂಡೆವೆಂದು ಇಡೀ ಬಜಾರಿಗೆ ಕೂಗಿ ಹೇಳುತ್ತದೆ. ದೇವಾಲಯದೊಳಗೆ ಜಾಗವಿದ್ದರೂ ಬಾಗಿಲಲ್ಲಿಯೇ ನಿಂತು ಪೂಜೆ ಕೇಳುವವರು, ಗೇಟಿಗೆ ಅಡ್ಡಲಾಗಿ ಮೋಟಾರು ಸೈಕಲ್ ನಿಲ್ಲಿಸಿ ಪಶ್ಚಾತ್ತಾಪದ ಪ್ರಾರ್ಥನೆಗೆ ಓಡಿ ಬರುವವರು, ದಿವ್ಯಪ್ರಸಾದವನ್ನು ಮೇಲೆತ್ತುವ ಗಳಿಗೆಯಲ್ಲಿ ಚಲನಚಿತ್ರದ ಹಾಡನ್ನು ಮೊಳಗಿಸುವ ಮೊಬೈಲುಗಳು. ಎಲ್ಲರಿಗೂ ಇವು ಗೊತ್ತು. ಮೊಬೈಲು ಮೊಳಗಿದವರಿಗಿಂತ, ಅದು ತಮ್ಮದಲ್ಲವೆಂದು ತೋರಿಸಲು ಹಿಂದಿರುಗಿ ನೋಡುವವರು ನಮಗೆ ಹೆಚ್ಚು ಕಿರಿಕಿರಿ.

ಇಂಥ ಕಿರಿಕಿರಿಗಳ ಬಗ್ಗೆ ಲಿಸ್ಯುವಿನ ಸಂತ ತೆರೇಸಾ ಅವರಷ್ಟು ಪ್ರಾಮಾಣಿಕವಾಗಿ ಬರೆದವರು ವಿರಳ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 1897ರಲ್ಲಿ ತೀರಿಕೊಂಡ ಆ ಭಗಿನಿ ತಮ್ಮ ಆತ್ಮಕಥೆಯಲ್ಲಿ ಸಂಜೆಯ ಧ್ಯಾನದ ಹೊತ್ತಿನಲ್ಲಿ ತಮ್ಮ ಹಿಂದೆ ಕುಳಿತು ಸಣ್ಣದೊಂದು ಸದ್ದು ಮಾಡುತ್ತಲೇ ಇದ್ದ ಭಗಿನಿಯೊಬ್ಬರ ಬಗ್ಗೆ ಹೇಳುತ್ತಾರೆ. ತಿರುಗಿ ದುರುಗುಟ್ಟಿ ನೋಡಬೇಕೆಂಬ ಆಸೆಯನ್ನು ತಡೆದುಕೊಳ್ಳುವುದರಲ್ಲಿ ಮೈ ಬೆವರಿ ಹೋಗುತ್ತಿತ್ತಂತೆ. ಕೊನೆಗೆ ಆ ಸದ್ದನ್ನೇ ಸಂಗೀತವೆಂದು ಆಲಿಸಿ ಪ್ರಭುವಿಗೆ ಅರ್ಪಿಸಿದರು. ಬಟ್ಟೆ ಒಗೆಯುವಾಗ ಎದುರಿನವರು ಕೊಳಕು ನೀರನ್ನು ಮುಖಕ್ಕೆ ಸಿಡಿಸುತ್ತಿದ್ದದ್ದನ್ನೂ ಬರೆದಿದ್ದಾರೆ. ನಮಗೆ ಇಲ್ಲಿ ಮೆಚ್ಚುಗೆಯಾಗುವುದು ಸಹನೆಗಿಂತ ಮೊದಲು ಆ ಬೆವರು. ಕಿರಿಕಿರಿಯಾಗಲೇ ಇಲ್ಲವೆಂದು ಅವರು ನಟಿಸಲಿಲ್ಲ. 2025ರಲ್ಲಿ ದೈವಾಧೀನರಾದ ವಿಶ್ವಗುರು ಫ್ರಾನ್ಸಿಸರು 2018ರಲ್ಲಿ ಪಾವಿತ್ರ್ಯದ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಮಾರುಕಟ್ಟೆಗೆ ಹೋದ ಸಾಮಾನ್ಯ ಹೆಣ್ಣುಮಗಳೊಬ್ಬಳನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. ನೆರೆಯವಳು ಸಿಗುತ್ತಾಳೆ, ಮಾತು ಬೆಳೆಯುತ್ತದೆ, ಚಾಡಿಯತ್ತ ತಿರುಗುತ್ತದೆ. ಯಾರ ಮೇಲೂ ಕೆಟ್ಟದ್ದನ್ನು ಆಡೆನೆಂದು ಅವಳು ಅಲ್ಲಿ ನಿಲ್ಲಿಸುತ್ತಾಳೆ. ಮಾರುಕಟ್ಟೆಯ ಮಾತೇ ಪಾಪವೆಂದು ಅವರು ಹೇಳಲಿಲ್ಲ, ಗಮನಿಸಬೇಕು. ಅದೇ ಪತ್ರದ ಅಡಿಟಿಪ್ಪಣಿಯಲ್ಲಿ, ಒಳ್ಳೆಯ ಜೀರ್ಣಶಕ್ತಿಯನ್ನೂ ಜೀರ್ಣಿಸಲು ಏನಾದರೊಂದನ್ನೂ ಕೊಡೆಂದು ಬೇಡುವ, ಸಂತ ಥಾಮಸ್ ಮೋರರದೆಂದು ಹೇಳಲಾಗುವ ಪ್ರಾರ್ಥನೆಯನ್ನು ಸೇರಿಸಿದ್ದಾರೆ. ಮಿರ್ಚಿಭಜಿಯ ಈ ಊರಿನಲ್ಲಿ ಅದನ್ನು ದಿನವೂ ಹೇಳಿಕೊಳ್ಳುವುದು ಒಳ್ಳೆಯದು.

ಕಿರಿಕಿರಿ ಬೇರೆ, ಕಷ್ಟ ಬೇರೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ನಲ್ಲಿಯ ನೀರು ಒಂದು ಗಂಟೆ ತಡವಾಗಿ ಬಂದರೆ ಮೇಲಿನ ತೊಟ್ಟಿಯಿರುವ ಮನೆಯವರಿಗೆ ಅದು ಕಿರಿಕಿರಿ. ಕೊಡ ಹಿಡಿದು ನಿಂತು, ನಂತರ ಕೂಲಿಗೆ ಹೋಗಬೇಕಾದವಳಿಗೆ ಅದು ಆ ದಿನದ ಸಂಬಳ. ಅಂಗಳದಲ್ಲಿ ಇಬ್ಬರೂ "ನೀರು ಬರಲಿಲ್ಲ" ಎಂದೇ ಹೇಳುತ್ತಾರೆ. ಮೊದಲನೆಯವರ ಮಾತಿಗೆ ನಕ್ಕು ಸುಮ್ಮನಾಗಬಹುದು. ಎರಡನೆಯವಳ ಮಾತನ್ನು ಸಹನೆಯ ಉಪದೇಶದಿಂದ ಮುಚ್ಚುವುದು ಅನ್ಯಾಯ. ಅದಕ್ಕೆ ಅರ್ಜಿ ಬರೆಯುವವರು ಬೇಕು, ಜೊತೆಗೆ ಹೋಗುವವರು ಬೇಕು.

ಇನ್ನು ನಮ್ಮದೊಂದು ಸೂಚನೆ, ಬೇಕಾದವರು ಸ್ವೀಕರಿಸಲಿ. ಮುಂದಿನ ಹಬ್ಬದ ಸಹಭೋಜನದಲ್ಲಿ ಯಾವ ಡಬ್ಬಿ ಯಾವ ಮನೆಯದೆಂದು ಕೂಗಿ ಹೇಳುವ ಪದ್ಧತಿಯನ್ನು ಕೈಬಿಟ್ಟು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡಲಿ. ಬಡಿಸುವವರು ಪ್ರತಿ ಪಾತ್ರೆಯಿಂದಲೂ ಒಂದೊಂದು ಚಮಚ ತಾವು ಮೊದಲು ತಿಂದು, ನಂತರ ಬಡಿಸಲಿ. ಮಾಂಸಾಹಾರ ಬೇಡದವರಿಗೆ ಬೇರೆ ಸಾಲಿರಲಿ. ಅದನ್ನು ಕೇಳುವವರನ್ನೂ ಯಾರೂ ಹಾಸ್ಯ ಮಾಡದಿರಲಿ. ಊಟವಾದ ಮೇಲೆ ಕಮಲಾಪುರದ ಕೆಂಪು ಬಾಳೆ ಕೊಡುವುದಾದರೆ ಒಬ್ಬರಿಗೆ ಅರ್ಧ ಹಣ್ಣು ಸಾಕಾಗುತ್ತದೆ. ಎರಡು ದಿನ ಮೊದಲೇ ತಂದಿಡಬೇಕು, ಮತ್ತು ಚೀಲದ ಮೇಲೆ ಯಾವುದನ್ನೂ ಇಡಬಾರದು.